ನಮ್ಮ ಮಳೆಗಾಲದ ಹಳೇ ಲೆಕ್ಕ ಸಮುದ್ರದ ಕೆಸರಲ್ಲಿದೆ ಮಾರಾಯ್ರೆ

ಜುಲೈ ಬಂತು ಅಂದ್ರೆ ಶರಾವತಿಯ ಲಿಂಗನಮಕ್ಕಿ ಡ್ಯಾಂ ಲೆವೆಲ್ ಎಷ್ಟಾಯ್ತು ಅಂತ ವಾಟ್ಸಾಪ್ ತುಂಬಾ ಫಾರ್ವರ್ಡ್, ಅದರ ಬೆನ್ನಿಗೇ ಇನ್ನೊಂದು ಮಾತು ಬಂದೇ ಬರುತ್ತೆ, "ಅಯ್ಯೋ ಇಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗಿ ವೇಸ್ಟಾಗ್ತಿದೆ". ಎಲ್ಲಾ ಪಕ್ಷದವ್ರೂ ಹೇಳ್ತಾರೆ, ಬೆಂಗಳೂರಿಗೆ ಶರಾವತಿ ತಗೊಂಡು ಹೋಗ್ಬೇಕು ಅನ್ನೋರಂತೂ ಇದನ್ನ ಮಂತ್ರದ ಥರ ಹೇಳ್ತಾರೆ, ನಮ್ಮ ಸಾಗರ ಹೊಸನಗರದ ಕಡೆಯವ್ರೂ ಎಷ್ಟೋ ಸಲ ಹೂಂ ಅಂತಾರೆ. ನಂಗೆ ಈ ಮಾತು ಕೇಳಿದ್ರೆ ಈಗೀಗ ತಡ್ಕೊಳೋಕೆ ಆಗಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಬರೀತೀನಿ, ಟೈಮ್ ಇದ್ದವ್ರು ಓದಿ.

ಮೊದ್ಲು ಗಾಳಿ ವಿಷಯ. ಆಗುಂಬೆ, ಹುಲಿಕಲ್ ಘಾಟಿಗೆ ಬಂದು ಬಡಿಯೋ ಮುಂಗಾರು ಗಾಳಿ ಎಲ್ಲಿಂದ ಬರುತ್ತೆ? ಭೂಮಧ್ಯರೇಖೆಯ ಆ ಕಡೆಯಿಂದ ಹೊರಟು, ಆಫ್ರಿಕಾದ ಪೂರ್ವ ತೀರ ಸವರಿಕೊಂಡು ಸೊಮಾಲಿಯಾ ಹತ್ತಿರ ತಿರುಗಿ ಅರಬ್ಬಿ ಸಮುದ್ರದ ಮೇಲೆ ಓಡಿ ಬರುತ್ತೆ. ಆ ಓಟದಲ್ಲಿ ಸೊಮಾಲಿಯಾ, ಒಮಾನ್ ತೀರದ ಮೇಲ್ಪದರದ ನೀರನ್ನ ದಡದಿಂದ ಆಚೆ ತಳ್ಳುತ್ತೆ, ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣನೆ ನೀರು ಮೇಲೆ ಬರುತ್ತೆ, ಅದರ ಜೊತೆ ನೈಟ್ರೇಟು ಫಾಸ್ಫೇಟು ಎಲ್ಲಾ. ತೋಟದವ್ರಿಗೆ ಬೇಗ ಅರ್ಥ ಆಗುತ್ತೆ, ಗೊಬ್ಬರದ ಗುಂಡಿ ಬುಡದಿಂದ ತಿರುವಿ ಮೇಲೆ ಹಾಕಿದ ಹಾಗೆ. ಬಿಸಿಲು ಮೇಲಿದೆ, ಗೊಬ್ಬರ ಕೆಳಗಿಂದ ಬಂತು, ಪಾಚಿ ಜೀವಿಗಳು ಹುಚ್ಚಾಪಟ್ಟೆ ಬೆಳೀತವೆ. ಅಂದ್ರೆ ನಮ್ಮ ಗದ್ದೆಗೆ ಮಳೆ ಹಾಕೋ ಗಾಳಿನೇ ಅಲ್ಲಿ ಸಮುದ್ರಕ್ಕೆ ಗೊಬ್ಬರ ಎಬ್ಬಿಸೋದು. ಗಾಳಿ ಜೋರಾದ ವರ್ಷ ಅಲ್ಲಿ ಪಾಚಿ ಜಾಸ್ತಿ.

ಈ ಪಾಚಿ ಇರೋ ತಣ್ಣೀರಲ್ಲಿ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಅಂತ ಒಂದು ಏಕಕೋಶ ಜೀವಿ ಹುಲುಸಾಗಿ ಬೆಳಿಯುತ್ತೆ. ಒಂದು ಮಿಲಿಮೀಟರೂ ಇಲ್ಲ, ಮೈಮೇಲೆ ಸುಣ್ಣದ ಚಿಪ್ಪು. ಸತ್ತ ಮೇಲೆ ಚಿಪ್ಪು ತಳಕ್ಕೆ ಇಳಿದು ಕೆಸರಾಗುತ್ತೆ. ವಿಜ್ಞಾನಿಗಳು ಹಡಗಿಂದ ಪೈಪ್ ಇಳಿಸಿ ಆ ಕೆಸರನ್ನ ಕಂಬದ ಥರ ಎತ್ತಿ, ಪದರ ಪದರ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಬ್ರಷ್ ಹಿಡ್ಕೊಂಡು ಚಿಪ್ಪು ಎಣಿಸ್ತಾರೆ! ಬುಲ್ಲಾಯ್ಡಿಸ್ ಜಾಸ್ತಿ ಇರೋ ಪದರ ಅಂದ್ರೆ ಗಾಳಿ ಜೋರಿದ್ದ ಕಾಲ. ಚಿಪ್ಪಿನ ಕಾರ್ಬನ್ ಅಳೆದು ವಯಸ್ಸು ಹೇಳ್ತಾರೆ, ಸುಮಾರು 50 ಸಾವಿರ ವರ್ಷದ ತನಕ. ಫಾಸ್ಫೇಟ್ ಎಷ್ಟಿತ್ತು ಅಂತ ನೇರ ಗೊತ್ತಾಗಲ್ಲ, ಆದ್ರೆ ಸಮುದ್ರದಲ್ಲಿ ಫಾಸ್ಫೇಟ್ ಜೊತೆಜೊತೆಗೇ ಏರಿಳಿಯೋ ಕ್ಯಾಡ್ಮಿಯಂ ಚಿಪ್ಪೊಳಗೆ ಸೇರ್ಕೊಳುತ್ತೆ, ಅದನ್ನ ಅಳೆದು ಅಂದಾಜು ಮಾಡ್ತಾರೆ.

ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ನೈಟ್ರೋಜನ್ ಕಥೆ. ಅರಬ್ಬಿ ಸಮುದ್ರದಲ್ಲಿ ಹೆಚ್ಚುಕಮ್ಮಿ 150 ಮೀಟರಿಂದ 1000 ಮೀಟರ್ ಆಳದ ತನಕ ಆಮ್ಲಜನಕ ಇಲ್ಲ ಅನ್ನೋ ಅಷ್ಟು ಕಮ್ಮಿ, ಯಾಕಂದ್ರೆ ಮೇಲಿಂದ ಬೀಳೋ ಸತ್ತ ಪಾಚಿ ಕೊಳೆಯೋಕೇ ಎಲ್ಲಾ ಖರ್ಚಾಗುತ್ತೆ. ಅಲ್ಲಿನ ಬ್ಯಾಕ್ಟೀರಿಯಾ ಆಮ್ಲಜನಕ ಸಿಗದೆ ನೈಟ್ರೇಟನ್ನೇ ಉಸಿರಾಡ್ತವೆ, ಅದ್ರಲ್ಲೂ ಹಗುರ ನೈಟ್ರೋಜನ್ 14 ಇರೋದನ್ನೇ ಮೊದ್ಲು ಮುಗಿಸ್ತವೆ, ಭಾರದ ನೈಟ್ರೋಜನ್ 15 ಹೆಚ್ಚಿಗೆ ಉಳಿಯುತ್ತೆ. ಆ ಉಳಿದ ನೈಟ್ರೇಟ್ ಮತ್ತೆ ಮೇಲೆ ಬಂದು ಪಾಚಿ ಸೇರಿ, ಪಾಚಿ ಸತ್ತು ಕೆಸರು ಸೇರುತ್ತೆ. ಹಂಗಾಗಿ ಸಾವಿರಾರು ವರ್ಷದ ಹಿಂದೆ ಸಮುದ್ರದ ನಡುಭಾಗ ಎಷ್ಟು ಉಸಿರುಗಟ್ಟಿತ್ತು ಅಂತ ಇವತ್ತು ಒಂದು ಚಿಟಿಕೆ ಮಣ್ಣಲ್ಲಿ ಅಳೀಬಹುದು. ಒಮಾನ್ ಕಡೆಯ ಕೆಸರಲ್ಲಿ ಹಿಮಯುಗದ ಪದರಗಳಲ್ಲಿ ಭಾರದ ನೈಟ್ರೋಜನ್ ಕಮ್ಮಿ, ಬೆಚ್ಚಗಿನ ಕಾಲದ ಪದರಗಳಲ್ಲಿ ಜಾಸ್ತಿ. ಸುಮಾರು 20 ಸಾವಿರ ವರ್ಷದ ಹಿಂದೆ ಹಿಮಯುಗ ತುದಿ ಮುಟ್ಟಿದಾಗ ಸಮುದ್ರ ಈಗಿಗಿಂತ 120 ಮೀಟರ್ ಕೆಳಗಿತ್ತು, ನಮ್ಮ ಮುಂಗಾರು ಸೊರಗಿತ್ತು. ಆಮೇಲೆ 10 ಸಾವಿರ ವರ್ಷದ ಹಿಂದೆ ಭೂಮಿ ಸೂರ್ಯನಿಗೆ ಹತ್ತಿರ ಬರೋದು ಜುಲೈ ಹೊತ್ತಿಗೆ ಆಗ್ತಿತ್ತು, (ಈಗ ಜನವರಿಲಿ), ಆಗ ಮುಂಗಾರು ಇವತ್ತಿಗಿಂತ ಜೋರು.

ಇಷ್ಟು ಕೇಳಿ ಎಲ್ಲಾ ಸಲೀಸು ಅನ್ಕೋಬೇಡಿ. ಹಿಮಯುಗದಲ್ಲಿ ಒಮಾನ್ ಕಡೆ ಪಾಚಿ ಬೆಳೆ ಕಮ್ಮಿ ಆಗಿದ್ರೆ, ನಮ್ಮ ಕಡೆ, ಅಂದ್ರೆ ಪೂರ್ವ ಅರಬ್ಬಿ ಸಮುದ್ರದ ಕೆಲವು ಕೆಸರಲ್ಲಿ ಅದೇ ಹೊತ್ತಿಗೆ ಜಾಸ್ತಿ ಕಾಣುತ್ತೆ, ಚಳಿಗಾಲದ ಒಣ ಗಾಳಿ ನೀರನ್ನ ಕಲಕಿರಬೇಕು ಅಂತ ವಿವರಣೆ ಕೊಡ್ತಾರೆ. ಅದಕ್ಕೇ ಒಂದು ಗುರುತು ನೋಡಿ ಯಾರೂ ತೀರ್ಪು ಕೊಡಲ್ಲ. ಕೆಸರು ಕೆಲವು ಕಡೆ ಸಾವಿರ ವರ್ಷಕ್ಕೆ ಬರೀ ನಾಲ್ಕೈದು ಸೆಂಟಿಮೀಟರ್ ಕೂರುತ್ತೆ, ಅದನ್ನೂ ಹುಳಗಳು ಕೆದಕಿ ಪದರ ಕಲಸಿ ಹಾಕಿರ್ತವೆ. ಆಮ್ಲಜನಕ ಇಲ್ಲದ ಕಡೆ ಮಾತ್ರ ಹುಳ ಬದುಕಲ್ಲ, ಅಲ್ಲಿ ಪುಸ್ತಕದ ಹಾಳೆ ಥರ ಪದರ ಸಿಗುತ್ತೆ, ಪಾಕಿಸ್ತಾನದ ತೀರದಾಚೆ ಅಂಥದ್ದು ಇದೆ.

ಈ ಕೆಲಸ ದೂರದ್ದೇನಲ್ಲ. ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಗೋವಾದಲ್ಲಿದೆ, ಶುರುವಾಗಿದ್ದು 1966ರಲ್ಲಿ. 2015ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಅನ್ನೋ ಹಡಗು ಅರಬ್ಬಿ ಸಮುದ್ರದ ಲಕ್ಷ್ಮಿ ಬೇಸಿನ್‌ನಲ್ಲಿ ಸುಮಾರು ಮೂರೂವರೆ ಕಿಲೋಮೀಟರ್ ನೀರಿನ ಕೆಳಗೆ ಪೈಪ್ ಇಳಿಸಿ, ಅಲ್ಲಿಂದ ಮತ್ತೂ ಒಂದು ಕಿಲೋಮೀಟರಿಗಿಂತ ಜಾಸ್ತಿ ಕೊರೆದು ಮಣ್ಣು ತೆಗೀತು. ಅಲ್ಲಿ ಸುಮಾರು ಒಂದು ಕೋಟಿ ವರ್ಷದ ಹಿಂದೆ ಭಾರತದ ಪಶ್ಚಿಮ ಅಂಚಿಂದ ಜಾರಿ ಬಿದ್ದ ದೈತ್ಯ ಭೂಕುಸಿತದ ರಾಶಿ ಸಿಕ್ತು, ಅದಕ್ಕೆ ನಟರಾಜ ಅಂತ ಹೆಸರಿಟ್ಟಿದಾರೆ. ನಮ್ಮ ಘಾಟಿ ರೋಡು ಜರಿದಾಗ ಇಡೋಕೆ ಇಂಥ ಹೆಸರು ಯಾರಿಗೂ ಹೊಳೆದಿಲ್ಲ ನೋಡಿ.

ಇನ್ನೂ ಹತ್ತಿರಕ್ಕೆ ಬರ್ತೀನಿ. ಕಾರವಾರದ ಆಚೆ ಸಮುದ್ರದಲ್ಲಿ ತೆಗೆದ ಕೆಸರಿನ ಅಧ್ಯಯನ 1994ರಲ್ಲಿ ಬಂತು. ಅದ್ರಲ್ಲಿ ಎಣಿಸಿದ್ದು ಪರಾಗ, ಘಟ್ಟದ ಕಾಡಿನ ಮರಗಳದ್ದು, ನದಿ ಸಮುದ್ರ ಸೇರೋ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳದ್ದು. ನದಿ ಹೊತ್ಕೊಂಡು ಹೋಗಿ ಸಮುದ್ರದಲ್ಲಿ ಇಟ್ಟಿದ್ದು. ಸುಮಾರು 3500 ವರ್ಷದ ಈಚೆಗೆ ಇಲ್ಲಿ ತೇವ ಕಮ್ಮಿಯಾಗಿದೆ ಅಂತ ಅವರ ತೀರ್ಮಾನ. ನನ್ನ ತಲೇಲಿ ತಕ್ಷಣ ಬಂದ ಪ್ರಶ್ನೆ, ಪರಾಗ ಕಮ್ಮಿ ಆಯ್ತು ಅಂದ್ರೆ ಮಳೆ ಕಮ್ಮಿ ಆಗಿದ್ದೇನಾ, ಅಥ್ವಾ ಯಾರೋ ಕೊಡಲಿ ಹಿಡಿದು ಕುಮರಿ ಬೇಸಾಯಕ್ಕೆ ಕಾಡು ಸುಟ್ಟಿದ್ದಾ? ಪರಾಗ ಒಂದರಿಂದಲೇ ಇದನ್ನ ಬಿಡಿಸೋಕೆ ಕಷ್ಟ, ಚಿಪ್ಪಿನ ಆಮ್ಲಜನಕದ ಐಸೊಟೋಪ್ (ಹಗುರ, ಭಾರದ ಲೆಕ್ಕ) ಪಕ್ಕ ಇಟ್ಟು ನೋಡ್ಬೇಕು, ನದಿಯ ಸಿಹಿನೀರು ಎಷ್ಟು ಬಂದಿತ್ತು ಅನ್ನೋದರ ಸುಳಿವು ಅದ್ರಲ್ಲಿರುತ್ತೆ. ಏನೇ ಇರ್ಲಿ, ನಮ್ಮ ಕಾಡಿನ ಹಾಜರಿ ಪುಸ್ತಕ ನಮ್ಮ ಹತ್ರ ಇಲ್ಲ, ಅಲ್ಲಿದೆ.

ಇದನ್ನೆಲ್ಲ ಹೇಳಿದ ಕೂಡ್ಲೇ ಒಬ್ರು ಎದ್ದು "ನೋಡಿ, ಹವಾಮಾನ ಹಿಂದಿಂದ್ಲೂ ಬದಲಾಗ್ತಾನೇ ಇದೆ, ಸುಮ್ನೆ ಗಲಾಟೆ ಮಾಡ್ತೀರಿ" ಅಂತಾರೆ. ಹೌದು ಸ್ವಾಮಿ ಬದಲಾಗಿದೆ, ಅದನ್ನ ನಿಮ್ಗೆ ಹೇಳಿದ್ದೇ ಈ ಕೆಸರು, ಅದರ ಪೂರ್ತಿ ಮಾತು ಕೇಳಿ. ಹಿಮಯುಗದಿಂದ ಹೊರಬರುವಾಗ ಗಾಳಿಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಪಾಲಲ್ಲಿ 190ರ ಹತ್ತಿರದಿಂದ 270 ದಾಟೋಕೆ ಸಾವಿರಾರು ವರ್ಷ ಹಿಡೀತು (ಇದು ಅಂಟಾರ್ಕ್ಟಿಕಾದ ಮಂಜಿನ ಲೆಕ್ಕ). 280ರಿಂದ 420 ದಾಟೋಕೆ ನಾವು ತಗೊಂಡಿದ್ದು ಮುನ್ನೂರು ವರ್ಷನೂ ಇಲ್ಲ, ಅದ್ರಲ್ಲೂ ಬಹುಪಾಲು 1950ರಿಂದ ಈಚೆಗೆ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಎರಡು ದಿನ ಹೊಳವು ಸಿಗದೆ ಒದ್ದಾಡೋ ಜನ ನಾವು, ಮುಂಗಾರು ಸ್ವಲ್ಪ ಆಚೀಚೆ ಆದ್ರೆ ಏನು ಅಂತ ನಮ್ಗೆ ಬೇರೆ ಹೇಳ್ಬೇಕಾ.

ಈಗ ನದಿ ವಿಷಯ. ನದಿ ಬರೀ ನೀರಲ್ಲ, ಜಂಬಿಟ್ಟಿಗೆ ಮಣ್ಣು, ಸಿಲಿಕಾ, ಎಲೆಗೊಬ್ಬರ ಎಲ್ಲಾ ಹೊತ್ತು ಹೋಗುತ್ತೆ. 1964ರಲ್ಲಿ ಲಿಂಗನಮಕ್ಕಿ ಆದ್ಮೇಲೆ ಶರಾವತಿ ನೀರು ಟರ್ಬೈನ್ ದಾಟಿ ಗೇರುಸೊಪ್ಪೆಯಿಂದ ವರ್ಷವಿಡೀ ಇಳಿಯುತ್ತೆ, ಬೇಸಿಗೆಲೂ ಅಳಿವೆ ನೀರು ಸಪ್ಪೆ, ಬಳಚು (ಕಪ್ಪೆಚಿಪ್ಪು) ಕಮ್ಮಿ. ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ, ಅಲ್ಲಿ ಬಳಚು ಆಯ್ದು ಬದುಕೋ ಎಷ್ಟೋ ಕುಟುಂಬ ಇದೆ, 2024ರಲ್ಲಿ ಅದು ರಾಮ್ಸಾರ್ ಅನ್ನೋ ಅಂತರರಾಷ್ಟ್ರೀಯ ಜೌಗುಭೂಮಿ ಪಟ್ಟಿಗೂ ಸೇರ್ತು. ಹಂಗಂತ ಪೋಷಕಾಂಶ ಹೋದಷ್ಟೂ ಒಳ್ಳೇದು ಅಂತಲೂ ನಾನು ಹೇಳಲ್ಲ. ನಮ್ಮ ಪಶ್ಚಿಮ ತೀರದಲ್ಲಿ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ದಡದ ಹತ್ತಿರದ ನೀರಿನ ಕೆಳಪದರದಲ್ಲೇ ಆಮ್ಲಜನಕ ಮುಗಿಯುತ್ತೆ, ಇದು ಹೆಚ್ಚಾಗ್ತಿದೆ, ಹೊಲ ತೋಟದಿಂದ ಹರಿದ ರಸಗೊಬ್ಬರದ ಪಾಲೂ ಇರಬಹುದು ಅಂತ ಗೋವಾದವ್ರು 2000ದಲ್ಲೇ ಬರೆದ್ರು. ಯೂರಿಯಾ ಸುರಿಯೋ ನಾವೂ ಈ ಲೆಕ್ಕದಲ್ಲಿ ಇದೀವಿ.

ಅದಕ್ಕೆ ನನ್ನ ಬೇಡಿಕೆ ಇಷ್ಟೇ. ಪಂಪ್ಡ್ ಸ್ಟೋರೇಜ್ (ನೀರನ್ನ ಮೇಲೆ ಎತ್ತಿಟ್ಟು ಬೇಕಾದಾಗ ಕರೆಂಟ್ ಮಾಡೋದು) ಇರ್ಲಿ, ಬೆಂಗಳೂರು ಪೈಪ್‌ಲೈನ್ ಇರ್ಲಿ, ಯೋಜನೆ ವರದಿಲಿ ಹೊನ್ನಾವರದ ಮುಂದಿನ ಸಮುದ್ರದ ಒಂದು ಕೆಸರು ಕೋರ್ (ಕೆಸರಿನ ಕಂಬ) ಕಡ್ಡಾಯ ಮಾಡಿ. ಸಾವಿರ ಮೀಟರ್ ಕೊರೆಯೋದು ಬೇಡ, ಕಲಕದ ಜಾಗ ಹುಡುಕಿ ಒಂದು ಮೀಟರ್ ತೆಗೆದ್ರೆ ಸಾಕು, ಸಣ್ಣ ದೋಣಿಲಿ ಆಗೋ ಕೆಲಸ. ಸೀಸ 210 ಅನ್ನೋ ವಿಕಿರಣ ಸೀಸ ಅಳೆದು ಕಳೆದ ನೂರು ವರ್ಷದ ಪದರಗಳಿಗೆ ತಾರೀಕು ಹಾಕಬಹುದು, 1964ರ ಕೆಳಗಿನ ಮಣ್ಣು ಹೆಂಗಿತ್ತು, ಮೇಲಿನದು ಹೆಂಗಿದೆ ಅಂತ ಹೋಲಿಸಿ, ಅಘನಾಶಿನಿ ಮುಂದೆನೂ ಅಂಥದ್ದೇ ಒಂದು ತೆಗೆದು ಪಕ್ಕ ಇಟ್ಟು ನೋಡಿ. ಅದರ ರಿಪೋರ್ಟು ಕನ್ನಡದಲ್ಲಿ ಸಾಗರ, ಹೊನ್ನಾವರ ಎರಡೂ ಕಡೆ ಜನರ ಮುಂದೆ ಇಡಿ, ಸಾರ್ವಜನಿಕ ಅಹವಾಲು ಸಭೆ ಆಮೇಲೆ ಕರೀರಿ.