ಸಿಂಗಾಪುರಕ್ಕೆ ಹೊರಗಿನ ಜನ ಬೇಕಾ, ಬೇಡ್ವಾ?

ಪರ: ಕರೆಸಿಕೊಳ್ಳದೆ ಗತಿ ಇಲ್ಲ

ಮೊದಲು ಲೆಕ್ಕ ನೋಡ್ಬಿಡೋಣ. 2023ರಲ್ಲಿ ಸಿಂಗಾಪುರದ ಫರ್ಟಿಲಿಟಿ ರೇಟ್ 0.97, ಅಂದ್ರೆ ಒಬ್ಬ ಹೆಂಗಸಿಗೆ ಸರಾಸರಿ ಒಂದು ಮಗೂನೂ ಇಲ್ಲ. ಜನಸಂಖ್ಯೆ ಇದ್ದ ಹಾಗೇ ಉಳೀಬೇಕಂದ್ರೆ 2.1 ಬೇಕು, ಆದ್ರೆ ಅಲ್ಲಿ ಅದು 1970ರ ದಶಕದಲ್ಲೇ ಅದಕ್ಕಿಂತ ಕೆಳಗೆ ಇಳೀತು, ಮತ್ತೆ ಮೇಲೆ ಬಂದೇ ಇಲ್ಲ. 2024ರ ಜೂನ್‌ನಲ್ಲಿ ಒಟ್ಟು ಜನ ಸುಮಾರು 60.4 ಲಕ್ಷ, ಅದರಲ್ಲಿ ಸಿಟಿಜನ್ಸ್ 36.4 ಲಕ್ಷ ಅಷ್ಟೇ, ಪಿಆರ್ (ಸಿಟಿಜನ್ ಆಗದೆ ಖಾಯಂ ಆಗಿ ಇರೋ ಪರ್ಮಿಷನ್) ಇರೋರು 5.4 ಲಕ್ಷ, ಉಳಿದ 18.6 ಲಕ್ಷ ಜನ ವರ್ಕ್ ಪಾಸ್, ಡಿಪೆಂಡೆಂಟ್ ಪಾಸ್, ಸ್ಟೂಡೆಂಟ್ ಪಾಸ್ ಅಂತ ಯಾವುದೋ ಒಂದು ಪಾಸ್ ಮೇಲೆ ಇರೋರು. ಇವರನ್ನ ಬಿಟ್ರೆ ನಾಳೆ ಬೆಳಿಗ್ಗೆ ಕಟ್ಟಡದ ಕೆಲಸ ನಿಲ್ಲತ್ತೆ, ಶಿಪ್‌ಯಾರ್ಡ್ ನಿಲ್ಲತ್ತೆ, 2.8 ಲಕ್ಷಕ್ಕೂ ಹೆಚ್ಚು ಮನೆಕೆಲಸದ ಹೆಂಗಸರು ಹೋದ್ರೆ ಎಷ್ಟೋ ಮನೆಗಳಲ್ಲಿ ಅಜ್ಜಿ ತಾತನ್ನ ನೋಡ್ಕೊಳ್ಳೋಕೂ ಜನ ಇರಲ್ಲ. 2030ರ ಹೊತ್ತಿಗೆ ನಾಲ್ಕು ಸಿಟಿಜನ್ಸ್‌ನಲ್ಲಿ ಒಬ್ಬರು 65 ದಾಟಿರ್ತಾರೆ.

ಹಾಗಾದ್ರೆ ಮಕ್ಕಳು ಮಾಡ್ಕೊಳ್ಳಿ ಅಂತ ಹೇಳ್ಬಹುದಲ್ಲ ಅಂತೀರಾ? ಅದನ್ನ ಅವರು ಹೇಳಿರೋಷ್ಟು ಬೇರೆ ಯಾರೂ ಹೇಳಿಲ್ಲ ಅನ್ಸತ್ತೆ. ತಮಾಷೆ ಏನಂದ್ರೆ ಮೊದಲು ಹೇಳಿದ್ದು ಉಲ್ಟಾ. 1965ರಲ್ಲಿ ಸ್ವತಂತ್ರ ಆದಾಗ ಒಬ್ಬ ಹೆಂಗಸಿಗೆ ನಾಲ್ಕೂವರೆಗಿಂತ ಜಾಸ್ತಿ ಮಕ್ಕಳು, ಕೆಲಸ ಇಲ್ಲ, ಮನೆ ಇಲ್ಲ, ಅದಕ್ಕೆ 1966ರಲ್ಲಿ ಫ್ಯಾಮಿಲಿ ಪ್ಲಾನಿಂಗ್ ಬೋರ್ಡ್ ಮಾಡಿದ್ರು, 1970ರ ದಶಕದಲ್ಲಿ 'ಸ್ಟಾಪ್ ಅಟ್ ಟೂ' ಅಂತ ಪೋಸ್ಟರ್ ಹಾಕಿದ್ರು, ಮಕ್ಕಳು ಜಾಸ್ತಿ ಆದ್ರೆ ಹೆರಿಗೆ ಚಾರ್ಜೂ ಜಾಸ್ತಿ, ಸ್ಕೂಲ್ ಅಡ್ಮಿಷನ್‌ನಲ್ಲಿ ಹಿಂದಕ್ಕೆ. ಜನ ಕೇಳಿದ್ರು, ಸರ್ಕಾರ ಅಂದುಕೊಂಡಿದ್ದಕ್ಕಿಂತ ಚೆನ್ನಾಗೇ ಕೇಳಿದ್ರು. 1983ರಲ್ಲಿ ಆಗಿನ ಪ್ರಧಾನಿ ಲೀ ಕುವಾನ್ ಯೂ, ಡಿಗ್ರಿ ಮಾಡಿರೋ ಹುಡುಗೀರು ಮದುವೆ ಆಗ್ತಿಲ್ಲ ಅಂತ ನ್ಯಾಷನಲ್ ಡೇ ಭಾಷಣದಲ್ಲೇ ಗೋಳಾಡಿದ್ರು, ಮರುವರ್ಷ ಸರ್ಕಾರವೇ ಗಂಡು ಹೆಣ್ಣು ಜೋಡಿಸೋ ಆಫೀಸ್ ತೆಗೀತು (ಬ್ರೋಕರ್ ಕೆಲಸಾನೂ ಸರ್ಕಾರಿ!). 1987ರಲ್ಲಿ 'ಸಾಕೋ ಶಕ್ತಿ ಇದ್ರೆ ಮೂರೋ ಜಾಸ್ತೀನೋ ಮಾಡ್ಕೊಳ್ಳಿ' ಅಂತ ಸ್ಲೋಗನ್ ಬದಲಾಯ್ತು, 2001ರಿಂದ ಬೇಬಿ ಬೋನಸ್ ಬಂತು, ಈಗ ಮೊದಲ ಮಗುವಿಗೇ 11,000 ಸಿಂಗಾಪುರ್ ಡಾಲರ್ ಕ್ಯಾಶ್. ಅಷ್ಟಾದ್ರೂ 0.97. ಬೇಡ ಅಂದಾಗ ಕೇಳಿದ ಜನ ಬೇಕು ಅಂದಾಗ ಕೇಳ್ತಿಲ್ಲ.

ಇನ್ನೊಂದು ವಿಷಯ, 1819ರಲ್ಲಿ ಬ್ರಿಟಿಷರು ಬಂದಿಳಿದಾಗ ಆ ದ್ವೀಪದಲ್ಲಿದ್ದಿದ್ದು ಸಾವಿರದಷ್ಟು ಜನ. ಇವತ್ತು ಅಲ್ಲಿ ಸಿಟಿಜನ್ ಅಂತ ಎದೆ ಉಬ್ಬಿಸೋರಲ್ಲಿ ಬಹುಪಾಲು ಜನರ ಅಜ್ಜ ಮುತ್ತಜ್ಜ ಚೀನಾದ ಫುಜಿಯನ್‌ನಿಂದಲೋ ತಮಿಳುನಾಡಿಂದಲೋ ಜಾವಾದಿಂದಲೋ ಹಡಗು ಹತ್ತಿ ಬಂದೋರೇ. ಆಗ ಬಂದವರು ಒಳಗಿನೋರು, ಈಗ ಬರೋರು ಹೊರಗಿನೋರು ಅಂದ್ರೆ ಹೇಗೆ ಸ್ವಾಮಿ?

ವಿರೋಧ: ಇದು ಕೊರತೆ ತುಂಬಿಸೋದಲ್ಲ, ಮುಂದೂಡೋದು

ಜಾಗ ಇಲ್ಲ ಅನ್ನೋ ವಾದಾನ ನಾನು ಅಷ್ಟು ಹಿಡ್ಕೊಳ್ಳಲ್ಲ. ಸುಮಾರು 735 ಚದರ ಕಿಲೋಮೀಟರ್, ಹೆಚ್ಚುಕಮ್ಮಿ ನಮ್ಮ ಬೆಂಗಳೂರಿನ ಹಳೇ ಬಿಬಿಎಂಪಿ ಇದ್ದಷ್ಟೇ, ಅದರಲ್ಲಿ 60 ಲಕ್ಷ ಜನಾನ ಅವರು ನಮಗಿಂತ ಚೆನ್ನಾಗೇ ಇಟ್ಕೊಂಡಿದ್ದಾರೆ. 2013ರಲ್ಲಿ ಸರ್ಕಾರ, 2030ಕ್ಕೆ ಜನಸಂಖ್ಯೆ 69 ಲಕ್ಷದವರೆಗೂ ಹೋಗಬಹುದು ಅಂತ ವೈಟ್ ಪೇಪರ್ ತಂದಾಗ ಹಾಂಗ್ ಲಿಮ್ ಪಾರ್ಕಲ್ಲಿ ಸಾವಿರಾರು ಜನ ಸೇರಿ ಪ್ರತಿಭಟನೆ ಮಾಡಿದ್ರು, ಪ್ರತಿಭಟನೆ ಅಂದ್ರೇನೇ ಅಪರೂಪ ಇರೋ ಊರಲ್ಲಿ. ಆ ಸಿಟ್ಟಿಗೆ ಕಾರಣ ಬರೀ ಮೆಟ್ರೋ ರಶ್ ಅಲ್ಲ.

ಕರೆಸಿಕೊಳ್ತಿರೋದು ಯಾರನ್ನ, ಹೇಗೆ ಅಂತ ನೋಡಿ. ವರ್ಕ್ ಪರ್ಮಿಟ್ ಮೇಲೆ ಬರೋ ಕೂಲಿ ಹೆಂಡತಿ ಮಕ್ಕಳನ್ನ ಕರ್ಕೊಂಡು ಬರೋ ಹಾಗಿಲ್ಲ. ಅಲ್ಲಿನ ಸಿಟಿಜನ್ನೋ ಪಿಆರೋ ಇರೋರನ್ನ ಮದುವೆ ಆಗೋಕೆ ಸರ್ಕಾರದ ಪರ್ಮಿಷನ್ ಬೇಕು. ಮನೆಕೆಲಸದ ಹೆಂಗಸರಿಗೆ ಆರು ತಿಂಗಳಿಗೊಮ್ಮೆ ಮೆಡಿಕಲ್ ಟೆಸ್ಟ್, ಅದರಲ್ಲಿ ಬಸಿರಿನ ಟೆಸ್ಟೂ ಸೇರಿದೆ, ಬಸಿರಾದ್ರೆ ಸಾಮಾನ್ಯವಾಗಿ ವಾಪಸ್ ಊರಿಗೆ. ಮಕ್ಕಳಿಲ್ಲ ಮಕ್ಕಳಿಲ್ಲ ಅಂತ ಅಳೋ ದೇಶ ಲಕ್ಷಾಂತರ ಹರೆಯದ ಹೆಂಗಸರನ್ನ ಕರೆಸಿ 'ಹೆರೋ ಹಾಗಿಲ್ಲ' ಅಂತ ರೂಲ್ ಹಾಕತ್ತೆ ಅಂದ್ರೆ ಅವರಿಗೆ ಬೇಕಿರೋದು ಜನ ಅಲ್ಲ, ಕೆಲಸ ಅಷ್ಟೇ. 2020ರಲ್ಲಿ ಕೊರೋನ ಬಂದಾಗ ಇದು ಎಲ್ಲರಿಗೂ ಕಂಡಿತು, ಹೊರಗಿಂದ ಬಂದ ಕೂಲಿಗಳ ಡಾರ್ಮಿಟರಿಗಳಲ್ಲಿ ಒಂದೊಂದು ರೂಮಿಗೆ ಹತ್ತು ಹನ್ನೆರಡು ಜನ, ಆ ವರ್ಷ ದೇಶದ ಕೇಸ್‌ಗಳಲ್ಲಿ ಬಹುಪಾಲು ಅಲ್ಲೇ. ಇಷ್ಟು ಸುಲಭಕ್ಕೆ ಆಳು ಸಿಗ್ತಿರೋವಾಗ ಯಾವ ಕಂಟ್ರಾಕ್ಟರ್ ಮಷೀನ್ ತರ್ತಾನೆ, ಯಾವ ಕಂಪನಿ ಲೋಕಲ್ ಹುಡುಗನಿಗೆ ಸಂಬಳ ಏರಿಸತ್ತೆ?

ಇನ್ನು ಪಿಆರ್, ಸಿಟಿಜನ್‌ಶಿಪ್ ಕೊಡುವಾಗ ಚೀನೀ, ಮಲಯ, ಇಂಡಿಯನ್ ಅನುಪಾತ ಹೆಚ್ಚುಕಮ್ಮಿ ಹಾಗೇ ಇರ್ಬೇಕು ಅನ್ನೋದು ಸರ್ಕಾರ ಬಾಯಿ ಬಿಟ್ಟೇ ಹೇಳೋ ಮಾತು. ಮಲಯರಲ್ಲಿ ಹುಟ್ಟೋ ಮಕ್ಕಳು ಉಳಿದವರಿಗಿಂತ ಜಾಸ್ತಿ, ಹಾಗಾಗಿ ಅನುಪಾತ ಕಾಪಾಡೋದು ಅಂದ್ರೆ ಉಳಿದವರನ್ನ ಜಾಸ್ತಿ ಒಳಗೆ ಬಿಡೋದು ಅಂತಲೇ ಅರ್ಥ. ಆ ಇಂಡಿಯನ್ ಖಾನೆಯಲ್ಲಿ ನಮ್ಮೋರೂ ಇದಾರೆ, ಕನ್ನಡ ಸಂಘ ಇದೆ, ರಾಜ್ಯೋತ್ಸವ ಮಾಡ್ತಾರೆ, ಆದ್ರೆ ಶಾಲೆಯಲ್ಲಿ ಮಗು 'ಮಾತೃಭಾಷೆ' ಅಂತ ತಮಿಳೋ ಹಿಂದಿಯೋ ಓದ್ಬೇಕು, ಕನ್ನಡ ಆ ಲಿಸ್ಟಲ್ಲೇ ಇಲ್ಲ. ಇಂಡಿಯಾ ಜೊತೆಗಿನ 2005ರ ಸೀಕಾ (CECA) ಅನ್ನೋ ವ್ಯಾಪಾರ ಒಪ್ಪಂದದ ಹೆಸರನ್ನೇ ಕೆಲವರು ಆನ್‌ಲೈನಲ್ಲಿ ಇಂಡಿಯನ್ಸ್‌ಗೆ ಬೈಗುಳ ಮಾಡ್ಕೊಂಡಿದ್ದಾರೆ, ಅದು ಹೊಲಸು, ವಿರೋಧದ ಕಡೆ ನಿಂತೂ ನಾನು ಅಂಥವರ ಜೊತೆ ನಿಲ್ಲಲ್ಲ. ಆದ್ರೆ ಎರಡು ವರ್ಷ ನ್ಯಾಷನಲ್ ಸರ್ವಿಸ್ (ಗಂಡು ಹುಡುಗರಿಗೆ ಕಡ್ಡಾಯ ಇರೋ ಸೇನೆ, ಪೊಲೀಸ್ ಥರದ ಸೇವೆ) ಮುಗಿಸಿ ಬಂದ ಹುಡುಗ, ಅದ್ಯಾವುದೂ ಇಲ್ಲದೆ ಹೊರಗಿಂದ ಬಂದು ಅದೇ ಕೆಲಸ ಹಿಡಿದವನನ್ನ ನೋಡಿ ಹೊಟ್ಟೆ ಉರ್ಕೊಂಡ್ರೆ ಅದು ಪೂರ್ತಿ ತಪ್ಪು ಅಂತಾನೂ ಹೇಳೋಕಾಗಲ್ಲ.

ಮುಖ್ಯ ಮಾತು ಏನಂದ್ರೆ ಇವತ್ತು 30 ವಯಸ್ಸಿಗೆ ಬಂದು ಸಿಟಿಜನ್ ಆದವನೂ 2060ಕ್ಕೆ ಮುದುಕ ಆಗ್ತಾನೆ. ಅಲ್ಲಿನ ಮನೆ ಬೆಲೆ, ಟ್ಯೂಷನ್ ರೇಸ್, ಆಫೀಸ್ ಟೈಮ್ ನೋಡಿ ಅವನೂ ಒಂದೇ ಮಗುವಿಗೆ ನಿಲ್ಲಿಸ್ತಾನೆ, ಆಗ ಅವನ ಬದಲಿಗೆ ಇನ್ಯಾರನ್ನ ಕರೆಸ್ತೀರ? ಮೊದಲು ಮನೆ ಒಳಗಿನ ರೂಲ್ಸ್ ಬದಲಾಗ್ಲಿ. ಮದುವೆ ಆಗದೆ ಇದ್ರೆ 35 ತುಂಬೋವರೆಗೂ ಎಚ್‌ಡಿಬಿ (ಸರ್ಕಾರ ಕಟ್ಟಿಸೋ) ಫ್ಲ್ಯಾಟ್ ಕೊಂಡ್ಕೊಳ್ಳೋದು ಕಷ್ಟ, ಮದುವೆ ಇಲ್ಲದೆ ತಾಯಿಯಾದವಳಿಗೆ ಬೇಬಿ ಬೋನಸ್‌ನ ಕ್ಯಾಶ್ ಸಿಗಲ್ಲ. ಆ ಮಗು ಏನು ಸಿಂಗಾಪುರದ್ದಲ್ವಾ?