ಗಾಜಿನೊಳಗಿನ ಬ್ರೈಲ್

ವಿಗ್ರಹದ ಪರಿಚಯವನ್ನು ಬ್ರೈಲ್ ಲಿಪಿಯಲ್ಲಿ ಬರೆಸಿ, ಆ ಫಲಕವನ್ನು ವಿಗ್ರಹದ ಜೊತೆಗೇ ಗಾಜಿನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ವಸ್ತುಸಂಗ್ರಹಾಲಯದ ಕಥೆ ಈಗ ಎಲ್ಲರಿಗೂ ಗೊತ್ತು. ನಗುವವರು ನಗಲಿ, ನನಗಂತೂ ಆ ಅಧಿಕಾರಿಗಳ ಮುಂದಾಲೋಚನೆಯ ಬಗ್ಗೆ ಗೌರವವೇ ಹುಟ್ಟಿದೆ. ಬ್ರೈಲಿನ ಚುಕ್ಕಿಯ ಎತ್ತರ ಸುಮಾರು ಅರ್ಧ ಮಿಲಿಮೀಟರ್. ಕಂಡಕಂಡವರು ಬೆರಳಾಡಿಸಿದರೆ ಅದು ಎಷ್ಟು ದಿನ ಬಾಳೀತು? ಗಾಜಿನೊಳಗಿದ್ದರೆ ಕಣ್ಣುಳ್ಳವರೆಲ್ಲ ಅದನ್ನು ನೋಡಿ, ಸಂಸ್ಥೆಯ ಅಂತಃಕರಣವನ್ನು ಮೆಚ್ಚಿಕೊಂಡು ಮುಂದಿನ ಕೋಣೆಗೆ ಹೋಗಬಹುದು.

ಮುಟ್ಟಬಾರದೆಂಬ ಈ ಮಡಿ ಮೊದಲಿನಿಂದಲೂ ಇದ್ದದ್ದಲ್ಲ. 1710ರಲ್ಲಿ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯಕ್ಕೆ ಹೋಗಿದ್ದ ಜರ್ಮನ್ ವಿದ್ವಾಂಸ ಊಫೆನ್‌ಬಾಖ್, ಅಲ್ಲಿ ಜನ ಸಿಕ್ಕಿದ್ದಕ್ಕೆಲ್ಲ ಕೈಹಾಕುತ್ತಾರೆಂದು ಸಿಡಿಮಿಡಿಗೊಂಡಿದ್ದ. ಅಂಥವರ ಸಿಡಿಮಿಡಿಯೇ ಮುಂದೆ ಶಿಷ್ಟಾಚಾರವಾಯಿತು. ಆದರೂ 1913ರಲ್ಲಿ ಇಂಗ್ಲೆಂಡಿನ ಸಂಡರ್ಲೆಂಡ್ ಊರಿನ ಸಂಗ್ರಹಾಲಯದಲ್ಲಿ ಚಾರ್ಲ್ಟನ್ ಡೀಸ್ ಎಂಬವರು ಅಂಧ ಮಕ್ಕಳನ್ನು ಕರೆಸಿ, ಸತ್ತ ಮೇಲೆ ಚರ್ಮದೊಳಗೆ ಹೊಟ್ಟು ತುಂಬಿ ಇಟ್ಟಿದ್ದ ಪ್ರಾಣಿಗಳನ್ನು ಮೂತಿಯಿಂದ ಬಾಲದವರೆಗೆ ಸವರಿ ನೋಡಲು ಬಿಟ್ಟರು. ಇಟಲಿಯ ಆಂಕೋನಾದಲ್ಲಿ ಅಂಧ ದಂಪತಿಗಳ ಹಟದಿಂದ 1993ರಲ್ಲಿ ಹುಟ್ಟಿದ ಒಮೇರೊ ಸಂಗ್ರಹಾಲಯದಲ್ಲಂತೂ ಮುಟ್ಟುವುದೇ ನಿಯಮ. ದಾರಿ ಗೊತ್ತಿಲ್ಲವೆಂಬ ನೆಪವೂ ಹೀಗೆ ಕೈಬಿಟ್ಟುಹೋಗಿದೆ.

ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡ ಸ್ನೇಹಿತರೊಬ್ಬರೊಡನೆ ನಾನೂ ಒಮ್ಮೆ ಇಂಥದ್ದೊಂದು ‘ಸರ್ವಸ್ನೇಹಿ’ ಸಂಗ್ರಹಾಲಯಕ್ಕೆ ಹೋಗಿದ್ದೆ. ಟಿಕೆಟ್ ಕೊಡುವವರು ಅವರನ್ನು ಬಿಟ್ಟು ನನ್ನನ್ನು, “ಇವರು ಏನು ನೋಡುತ್ತಾರೆ?” ಎಂದು ಕೇಳಿದರು. ವಿವರಣೆ ಕೇಳಿಸುವ ಯಂತ್ರ ಕೊಟ್ಟರು; ಅದರ ನುಣುಪಾದ ಪರದೆಯ ಮೇಲೆ ಗುಂಡಿ ಎಲ್ಲಿದೆಯೆಂದು ಕಣ್ಣಿದ್ದವರೇ ಹುಡುಕಬೇಕು. ಗುಂಡಿ ಒತ್ತಿದರೆ, “ನಿಮ್ಮೆದುರಿಗೆ ಕಾಣುತ್ತಿರುವ ಮನೋಹರ ಮೂರ್ತಿ” ಎಂದು ಶುರುವಾಯಿತು. ಮುಟ್ಟುವುದಕ್ಕೆಂದೇ ಮಾಡಿಸಿದ್ದ ಪ್ರತಿಕೃತಿಯ ಹತ್ತಿರ ಹೋದಾಗ ಕಾವಲುಗಾರ, “ಬಣ್ಣ ಹೋಗುತ್ತದೆ, ದೂರ ನಿಲ್ಲಿ” ಎಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ದೃಷ್ಟಿ ಮಂದವಾದವರಲ್ಲಿ ಬಹುಪಾಲು ಜನರಿಗೆ ಬ್ರೈಲ್ ಬರುವುದಿಲ್ಲ, ಅವರಿಗೆ ಬೇಕಾದದ್ದು ದಪ್ಪ ಅಕ್ಷರ ಮತ್ತು ಒಳ್ಳೆಯ ಬೆಳಕು ಎಂಬಷ್ಟನ್ನು ತಿಳಿಯಲು ಒಬ್ಬರನ್ನು ಕರೆದು ಕೇಳಿದ್ದರೆ ಸಾಕಿತ್ತು. ಸಮಿತಿ ರಚಿಸಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಫೋಟೋ ತೆಗೆಸಿಕೊಂಡವರಿಗೆ ಅಷ್ಟೂ ಆಗಲಿಲ್ಲ. ಇದನ್ನು ಎಷ್ಟು ಸಲ ಹೇಳಬೇಕೋ, ಬೇಸರವಾಗುತ್ತದೆ.

ಹೊರಗೆ ಬರುವಾಗ ಬಾಗಿಲ ಬಳಿ ಸ್ನೇಹಿತರ ಕೈಗೆ ಒಂದು ಕಲ್ಲು ತಾಗಿತು. ಉದ್ಘಾಟನೆಯ ಫಲಕ; ಅಕ್ಷರಗಳನ್ನು ಆಳವಾಗಿ, ದೊಡ್ಡದಾಗಿ ಕೊರೆದಿದ್ದರು. ಅವರು ಬೆರಳಾಡಿಸುತ್ತಾ ಗಣ್ಯರ ಹೆಸರುಗಳನ್ನು ಒಂದೂ ಬಿಡದೆ ಓದಿದರು. ಯಾರೂ ತಡೆಯಲಿಲ್ಲ.