ಸ್ಪಷ್ಟನೆ: ಆನ್‌ಲೈನ್ ಡಿಗ್ರಿಗೆ ಬೆಲೆ ಇದೆ

'ಆನ್‌ಲೈನ್ ಡಿಗ್ರಿ ಇದ್ದರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ' ಎಂಬ ಸಂದೇಶ ರಾಯಚೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಕೇಂದ್ರದ ಸಂಸ್ಥೆ ಯುಜಿಸಿ 2022ರಲ್ಲೇ ಹೇಳಿದೆ.

ಹಾಗಂತ ಕಂಡಕಂಡಲ್ಲಿ ದುಡ್ಡು ಕಟ್ಟಬೇಡಿ. ಬಸ್ ಸ್ಟ್ಯಾಂಡ್ ಕಂಬಕ್ಕೆ 'ಮನೆಯಲ್ಲೇ ಕೂತು ಬಿಇ, ನರ್ಸಿಂಗ್' ಅಂತ ಚೀಟಿ ಅಂಟಿಸಿರುತ್ತಾರಲ್ವಾ, ಅದು ಬರೀ ಬುರುಡೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಪದವಿಗಳನ್ನು ಆನ್‌ಲೈನಿನಲ್ಲಿ ಕೊಡಲು ಅನುಮತಿಯೇ ಇಲ್ಲ.

ಉಳಿದ ಕೋರ್ಸಿಗೂ ದೊಡ್ಡ ಹೆಸರು ನೋಡಿ ಸುಮ್ನೆ ಸೇರಬೇಡಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ ಕೆಲವು ವರ್ಷ ಮಾನ್ಯತೆ ತಪ್ಪಿ, 2018ರಲ್ಲಿ ಮತ್ತೆ ಸಿಕ್ಕಿತು. ಯುಜಿಸಿ ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ವಿಶ್ವವಿದ್ಯಾಲಯ, ಕೋರ್ಸ್, ನೀವು ಸೇರುವ ವರ್ಷ, ಮೂರೂ ಇವೆಯಾ ನೋಡಿಯೇ ಫೀಸ್ ಕಟ್ಟಿ.